ಹೊನ್ನೆ ಎಣ್ಣೆಯ ಬೆನ್ನು ಹತ್ತಿ ಮೂರು ವರ್ಷ

ಕಳೆದ ವಾರ ಕೊನೆಯ ಸ್ವಯಂಸೇವಕರ ಬೆನ್ನಿಗೆ ಪರೀಕ್ಷೆಗೆಂದು ಅಂಟಿಸಿದ್ದ ಪಟ್ಟಿಯ ಗುರುತು ನೋಡಿ, ಬರೆದುಕೊಂಡು, ಕಡತ ಮುಚ್ಚಿದೆವು. ಹೊನ್ನೆ ಕಾಯಿಯ ರಾಳದಿಂದ ಕ್ಯಾಲೊಫಿಲೊಲೈಡ್ ಎಂಬ ವಸ್ತುವನ್ನು ಬೇರ್ಪಡಿಸುವುದು, ಚರ್ಮದ ಸೋಂಕು ತರುವ ಬ್ಯಾಕ್ಟೀರಿಯಾದ ಮೇಲೆ ಅದು ಏನು ಮಾಡುತ್ತದೆ ಎಂದು ನೋಡುವುದು, ಚರ್ಮಕ್ಕೇ ತೊಂದರೆ ಕೊಡುತ್ತದೆಯೇ ಎಂದು ಪರೀಕ್ಷಿಸುವುದು. ನಮ್ಮ ಕೆಲಸ ಇಷ್ಟೇ. ಒಂದೂವರೆ ವರ್ಷ ಸಾಕು ಅಂದುಕೊಂಡಿದ್ದೆವು, ಮೂರು ವರ್ಷ ಹಿಡಿಯಿತು. ತಡವಾದದ್ದು ದೊಡ್ಡ ದೊಡ್ಡ ಯಂತ್ರಗಳಿಂದಲ್ಲ. ಮರದ ಹೆಸರಿನಲ್ಲಿ, ಕಾಯಿ ಒಣಗಿಸುವಲ್ಲಿ, ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ, ಅರ್ಜಿಯಲ್ಲಿ ಬಿಟ್ಟುಹೋದ ಒಂದು ಸಾಲಿನಲ್ಲಿ ತಿಂಗಳುಗಟ್ಟಲೆ ಹೋಯಿತು. ಕುಮಟಾ, ಅಂಕೋಲಾ, ಶಿರಸಿ ಕಡೆಯ ಕಾಲೇಜುಗಳಲ್ಲಿ ಇಂಥ ಕೆಲಸಕ್ಕೆ ಕೈ ಹಾಕುವವರಿಗೆ ಕನಿಷ್ಠ ಒಂದು ಮಳೆಗಾಲವಾದರೂ ಉಳಿಯಲಿ ಎಂದು ನೆನಪು ಹಸಿಯಾಗಿರುವಾಗಲೇ ಬರೆಯುತ್ತಿದ್ದೇವೆ.

ಮೊದಲು ಮರದ ಹೆಸರು. ಕಾರವಾರದಿಂದ ಭಟ್ಕಳದವರೆಗೆ ಕಡಲ ದಂಡೆಯಲ್ಲಿ ಹೊನ್ನೆ ಎಂದರೆ ಮರಳಲ್ಲಿ ಬೇರೂರಿ ಉಪ್ಪುಗಾಳಿಗೆ ಜಗ್ಗದೆ ನಿಂತ, ಮಿರಮಿರ ಎಲೆಯ ಮರ: ಕ್ಯಾಲೊಫಿಲಮ್ ಇನೊಫಿಲಮ್. ಕೊಂಕಣಿಯವರು ಉಂಡಿ ಎನ್ನುತ್ತಾರೆ, ಕೆಲವರಿಗೆ ಇದು ಸುರಹೊನ್ನೆ. ಕರೆಂಟು ಬರುವ ಮೊದಲು ದೀಪಕ್ಕೆ ಇದರ ಎಣ್ಣೆ ಸುರಿಯುತ್ತಿದ್ದರು, ಕಜ್ಜಿಗೂ ಗಂಟುನೋವಿಗೂ ಹಚ್ಚುತ್ತಿದ್ದರು. ಆದರೆ ಘಟ್ಟ ಹತ್ತಿ ಶಿರಸಿಗೆ ಹೋಗಿ ಹೊನ್ನೆ ಎಂದು ಕೇಳಿ ನೋಡಿ, ನಾಟಾ ಮರ ತೋರಿಸುತ್ತಾರೆ. ತೊಗಟೆಗೆ ಕತ್ತಿ ತಾಗಿದರೆ ಕೆಂಪು ರಸ ಒಸರುವ ಟೆರೊಕಾರ್ಪಸ್ ಮಾರ್ಸೂಪಿಯಮ್ ಅದು. ಕುಲವೇ ಬೇರೆ, ರಸಾಯನವೇ ಬೇರೆ. ಮೂರನೆಯದು ಇನ್ನೂ ತೊಡಕಿನದು. ಘಟ್ಟದ ಹೊಳೆಯಂಚಿನಲ್ಲಿ ಬೆಳೆಯುವ ಕ್ಯಾಲೊಫಿಲಮ್ ಅಪೆಟಾಲಮ್ ನಮ್ಮ ಹೊನ್ನೆಯ ಸೋದರ ಸಸ್ಯ. ಅದರ ಎಲೆ ಸಣ್ಣದು, ಕಾಯಿಯೂ ಸಣ್ಣದು, ಹೂವಿಗೆ ಎಸಳಿಲ್ಲ.

ಎರಡನೆಯ ವರ್ಷ ಕಾಯಿ ಸಾಲದೆ ಹೊರಗಿನಿಂದ ಒಂದು ಚೀಲ ಕೊಂಡೆವು. ಎಣ್ಣೆ ತೆಗೆದು ಟಿಎಲ್‌ಸಿ ಹಾಳೆಯ (ಬೆರಕೆಯಲ್ಲಿರುವ ವಸ್ತುಗಳನ್ನು ಬೇರೆ ಬೇರೆ ಚುಕ್ಕೆಗಳಾಗಿ ತೋರಿಸುವ ಹಾಳೆ) ಮೇಲೆ ಓಡಿಸಿದರೆ ಮೊದಲ ವರ್ಷದ ಚುಕ್ಕೆಗಳಿಗೂ ಇದಕ್ಕೂ ತಾಳೆಯಾಗಲಿಲ್ಲ. ಉಳಿದ ಕಾಯಿಗಳನ್ನು ಚಾಪೆಯ ಮೇಲೆ ಹರಡಿ ಅಳೆದಾಗ ಗೊತ್ತಾಯಿತು: ಮೂರು ಸೆಂಟಿಮೀಟರಿನ ಗುಂಡು ಕಾಯಿಗಳ ನಡುವೆ ಎರಡು ಸೆಂಟಿಮೀಟರೂ ಇಲ್ಲದ ಉದ್ದುದ್ದ ಕಾಯಿಗಳು ಬೇಕಾದಷ್ಟಿದ್ದವು. ಇಡೀ ಚೀಲ ಬಿಟ್ಟೆವು. ಅಂದಿನಿಂದ ಕಣ್ಣಾರೆ ಕಂಡ ಮರದ ಕೆಳಗೆ ಹೆಕ್ಕಿದ ಕಾಯಿ ಬಿಟ್ಟು ಬೇರೆ ಮುಟ್ಟಿಲ್ಲ.

ಗುರುತಿಗೆ ಹೂ, ಕಾಯಿ ಎರಡೂ ಇರುವ ಟೊಂಗೆಯನ್ನು ಒತ್ತಿ ಒಣಗಿಸಿ, ಹರ್ಬೇರಿಯಂ ಹಾಳೆ ಮಾಡಿ, ಸಸ್ಯಶಾಸ್ತ್ರ ಬಲ್ಲವರಿಂದ ಸಹಿ ಹಾಕಿಸಿ ಸಂಖ್ಯೆ ಪಡೆಯಬೇಕು. ಸಂಖ್ಯೆಯಿಲ್ಲದ ಪ್ರಬಂಧವನ್ನು ಒಳ್ಳೆಯ ಪತ್ರಿಕೆಗಳು ತೆರೆದೂ ನೋಡುವುದಿಲ್ಲ. ಹೊನ್ನೆ ಎಲೆ ದಪ್ಪ, ನೀರು ಬಿಡುವುದು ನಿಧಾನ. ಮಳೆಗಾಲದಲ್ಲಿ ಒತ್ತುವುದಾದರೆ ದಿನಕ್ಕೆರಡು ಸಲ ಕಾಗದ ಬದಲಿಸಿ, ಇಲ್ಲವಾದರೆ ನಾಲ್ಕನೇ ದಿನ ಬೂಸಲು ಬಂದಿರುತ್ತದೆ. ಎಲೆಯನ್ನು ಬೆಳಕಿಗೆ ಹಿಡಿದರೆ ನಡುನರಕ್ಕೆ ಅಡ್ಡಲಾಗಿ ಬಾಚಣಿಗೆ ಹಲ್ಲಿನಂತೆ ಒತ್ತೊತ್ತಾಗಿ ಸಾಗುವ ಸಣ್ಣ ನರಗಳು ಕಾಣಬೇಕು. ಅದು ಕಾಣದಿದ್ದರೆ ಅಲ್ಲಿಗೇ ನಿಲ್ಲಿಸಿ.

ಅನುಮತಿಯ ವಿಷಯದಲ್ಲಿ ಜನರಿಗೆ ಇರುವ ಹೆದರಿಕೆ ಹೆಚ್ಚು, ತಿಳಿವಳಿಕೆ ಕಡಿಮೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಭಾರತೀಯರು ಬರೀ ಸಂಶೋಧನೆಗೆ ಗಿಡಮರ ಬಳಸಲು ರಾಷ್ಟ್ರೀಯ ಪ್ರಾಧಿಕಾರದ ಪೂರ್ವಾನುಮತಿ ಬೇಡ. ವ್ಯಾಪಾರಕ್ಕಾದರೆ ರಾಜ್ಯ ಮಂಡಳಿಗೆ ಮೊದಲೇ ತಿಳಿಸಬೇಕು. ಪೇಟೆಂಟಿನ ಯೋಚನೆ ಇದ್ದರೆ ಚೆನ್ನೈನ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಬಾಗಿಲು ತಟ್ಟಲೇಬೇಕು. ಇದರ ಜೊತೆಗೆ ಮರ ಯಾರ ಜಾಗದಲ್ಲಿದೆ ಎಂಬುದು ಬೇರೆಯದೇ ಪ್ರಶ್ನೆ. ದಂಡೆಯ ಮರಗಳಲ್ಲಿ ಕೆಲವು ಅರಣ್ಯ ಇಲಾಖೆಯವು, ಕೆಲವು ಕಂದಾಯದವು, ಕೆಲವು ಮನೆಯವರ ಹಿತ್ತಲಿನವು. ನಮ್ಮ ಮೊದಲ ಅರ್ಜಿ ಒಂದು ಕಚೇರಿಯ ಮೇಜಿನ ಮೇಲೆ ನಾಲ್ಕು ತಿಂಗಳು ಮಲಗಿತು. ಕೊನೆಗೆ ಕಾರಣ ಕೇಳಿದರೆ, ಎಷ್ಟು ಕಿಲೋ ಎಂದು ನಾವು ಬರೆದಿರಲೇ ಇಲ್ಲ. ಯಾವ ಭಾಗ, ಎಷ್ಟು ಕಿಲೋ, ಯಾವ ಊರು, ಯಾವ ತಿಂಗಳು, ಕೊಯ್ಯುವುದೋ ಬಿದ್ದದ್ದನ್ನು ಹೆಕ್ಕುವುದೋ, ಉಳಿದದ್ದನ್ನು ಏನು ಮಾಡುತ್ತೀರಿ, ಈ ಆರೂ ಅರ್ಜಿಯಲ್ಲಿರಲಿ. ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಗೂ ಒಂದು ಪ್ರತಿ ಕೊಡಿ. ನಾಳೆ ಇದರಿಂದ ಮುಲಾಮು ಬಂದು ಹಣ ಹುಟ್ಟಿದರೆ ಅದರಲ್ಲಿ ಊರಿನವರಿಗೂ ಪಾಲು ಸಲ್ಲಬೇಕಾದದ್ದು ಅಲ್ಲಿಂದಲೇ.

ಕಾಯಿ ಹೆಕ್ಕಲು ಬೆಳಗಿನ ಜಾವ ಒಳ್ಳೆಯದು. ರಾತ್ರಿ ಬಾವಲಿಗಳು ಹೊರಗಿನ ತಿರುಳು ತಿಂದು ಗೊರಟನ್ನು ಬೀಳಿಸಿರುತ್ತವೆ. ಸಿಪ್ಪೆ ಬಿಡಿಸುವ ಕೆಲಸವೇ ಇಲ್ಲ. ಆದರೆ ಕೈಗವಸು ಹಾಕಿಕೊಳ್ಳಿ, ತಂದಮೇಲೆ ಗೊರಟನ್ನು ತೊಳೆದು ಒರೆಸಿ.

ಇನ್ನು ಒಣಗಿಸುವುದು. ನಮ್ಮ ಒಂದು ವರ್ಷವನ್ನು ತಿಂದದ್ದು ಇದೇ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇವೆ. ಗೊರಟು ಒಡೆದಾಗ ಒಳಗಿನ ಬೀಜ ದಂತದ ಬಣ್ಣದ ಗುಂಡು. ಉಗುರು ಒತ್ತಿದರೆ ನೀರು ಬರುತ್ತದೆ, ಎಣ್ಣೆ ಬರುವುದಿಲ್ಲ. ಈ ಹಸಿ ಬೀಜವನ್ನು ಹಿಂಡಿ ಪ್ರಯೋಜನವಿಲ್ಲ. ವಾರಗಟ್ಟಲೆ ನಿಧಾನವಾಗಿ ಒಣಗುತ್ತಾ ಹೋದಂತೆ ಅದು ಮೊದಲು ತಿಳಿ ಕಂದು, ಆಮೇಲೆ ಕೆಂಗಂದು ಬಣ್ಣಕ್ಕೆ ತಿರುಗುತ್ತದೆ, ಮೈ ಅಂಟಾಗುತ್ತದೆ, ಹಳೆಯ ಗೋಡಂಬಿಯಂಥ ಗಾಢ ವಾಸನೆ ಬರುತ್ತದೆ. ಚಾಕುವಿನಿಂದ ಸೀಳಿದರೆ ಕೊಯ್ದ ಮೈಯಲ್ಲಿ ಎಣ್ಣೆ ಮಿನುಗಬೇಕು. ಅಲ್ಲಿಯವರೆಗೆ ಕಾಯಲೇಬೇಕು.

ಮೊದಲ ಸಲ ಅಕ್ಟೋಬರಿನಲ್ಲಿ ತಾರಸಿಯ ಮೇಲೆ ಹರಡಿದೆವು. ಮಧ್ಯಾಹ್ನ ಬಿಸಿಲು, ಸಂಜೆ ಗುಡುಗು ಮಳೆ. ಒಳಗೆ ತಂದು ರಾಶಿ ಹಾಕಿದ್ದೇ ತಪ್ಪಾಯಿತು. ಹನ್ನೆರಡನೇ ದಿನ ರಾಶಿಯ ನಡುವೆ ಕೈ ಹಾಕಿದರೆ ಬಿಸಿ, ಹಸಿರು ಬೂಸಲು. ಮೇಲಿನದನ್ನು ಆರಿಸಿ ಬಳಸೋಣವೆಂದು ಒಬ್ಬರು ಹೇಳಿದರು, ಬೇಡವೆಂದೆವು. ಎಣ್ಣೆಬೀಜದ ಮೇಲಿನ ಆಸ್ಪರ್ಜಿಲಸ್ ಬೂಸಲು ಅಫ್ಲಟಾಕ್ಸಿನ್ ಎಂಬ ವಿಷ ಬಿಟ್ಟಿರಬಹುದು, ಅದಿರುವ ಎಣ್ಣೆಯನ್ನು ಮನುಷ್ಯರ ಚರ್ಮದ ಮೇಲೆ ಇಡುವಂತಿಲ್ಲ. ಹೊಗೆಯ ಅಟ್ಟದ ಮೇಲೆ ಹಾಕಿ ಎಂಬ ಸಲಹೆಯೂ ಬಂತು. ಹೊಗೆಯಲ್ಲಿರುವ ವಸ್ತುಗಳು ಎಣ್ಣೆಗೆ ಸೇರುತ್ತವೆ, ಅದೂ ಬೇಡ. ಕೊನೆಗೆ ಅಡಿಕೆ ಒಣಗಿಸುವ ಪಾರದರ್ಶಕ ಶೀಟಿನ ಗೂಡು ಕೈ ಹಿಡಿಯಿತು. ಬಿದಿರಿನ ತಟ್ಟೆಯ ಮೇಲೆ ಒಂದೇ ಪದರ, ಎರಡೂ ತುದಿಗೆ ಗಾಳಿ ಬಾಗಿಲು, ಒಳಗೆ ತಾಪಮಾಪಕ, 45 ಡಿಗ್ರಿ ದಾಟಿದರೆ ಬಾಗಿಲು ತೆರೆಯುವುದು. ಮೂರು ದಿನಕ್ಕೊಮ್ಮೆ ಅದೇ ನೂರು ಬೀಜಗಳನ್ನು ತೂಗಿ ಬರೆದಿಟ್ಟೆವು. ಮೂರು ಸಲ ತೂಕ ಒಂದೇ ಬಂದಾಗ ಮುಗಿಯಿತು ಎಂದು ಲೆಕ್ಕ. ಜನವರಿಯಲ್ಲಿ ಹಾಕಿದ್ದು ಆರು ವಾರ ಹಿಡಿಯಿತು. ಕರಾವಳಿಯಲ್ಲಿ ಈ ಕೆಲಸಕ್ಕೆ ಡಿಸೆಂಬರಿನಿಂದ ಮಾರ್ಚ್ ಬಿಟ್ಟರೆ ಬೇರೆ ಕಾಲವಿಲ್ಲ.

ನಮಗೆ 40 ಕಿಲೋ ಹಸಿ ಕಾಯಿಯಿಂದ ಎರಡು ಲೀಟರಿನಷ್ಟು ಎಣ್ಣೆ ಬಂತು. ಗಾಣದವರು ಮೊದಲೇ ಎಚ್ಚರಿಸಿದರು: "ಇದು ಕೊಬ್ರಿ ಗಾಣ ಸರ್, ಎಷ್ಟ್ ತೊಳೆದ್ರೂ ವಾಸ್ನೆ ಹೋಗೂದಿಲ್ಲ." ಅವರ ಮಾತು ನಿಜ. ಹಾಗಾಗಿ ಮೊದಲ ಒಂದು ಕಿಲೋ ನಮ್ಮದೇ ಬೀಜ ಹಾಕಿ, ಬಂದ ಎಣ್ಣೆಯನ್ನು ಚೆಲ್ಲಿ, ಆಮೇಲಿನದನ್ನು ಹಿಡಿದೆವು. ಗಾಢ ಹಸಿರು, ಜೇನಿನಂತೆ ಮಂದ. ಹತ್ತು ದಿನ ಕತ್ತಲಲ್ಲಿ ತಿಳಿಯಾಗಲು ಬಿಟ್ಟು, ಬಟ್ಟೆಯಲ್ಲಿ ಸೋಸಿ, ಕಂದು ಗಾಜಿನ ಬಾಟಲಿಗೆ ಕಂಠದವರೆಗೆ ತುಂಬಿ.

ಈ ಎಣ್ಣೆಯ ಬಹುಪಾಲು ಒಲೆಯಿಕ್, ಲಿನೋಲೆಯಿಕ್, ಪಾಮಿಟಿಕ್, ಸ್ಟಿಯರಿಕ್ ಎಂಬ ಮಾಮೂಲಿ ಕೊಬ್ಬಿನಾಮ್ಲಗಳದು. ನಾವು ಹುಡುಕುವುದು ಅದರಲ್ಲಿ ಕರಗಿರುವ ರಾಳವನ್ನು. ಕ್ಯಾಲೊಫಿಲೊಲೈಡ್, ಇನೊಫಿಲಮ್ ಮುಂತಾದ ಕೌಮರಿನ್ (ಲ್ಯಾಕ್ಟೋನ್ ಎಂಬ ಉಂಗುರವಿರುವ ಸಸ್ಯವಸ್ತುಗಳ ಗುಂಪು) ಜಾತಿಯ ವಸ್ತುಗಳಿರುವುದು ರಾಳದಲ್ಲಿ. ಹೊನ್ನೆ ಎಣ್ಣೆಯಲ್ಲಿ ಬಿಡಿ ಕೊಬ್ಬಿನಾಮ್ಲವೂ ಬಹಳ. ಇದನ್ನು ಅಳೆಯುವಾಗ ಒಂದು ಕಷ್ಟವಿದೆ: ಫಿನಾಲ್ಫ್ತಲೀನಿನ ಗುಲಾಬಿ ಬಣ್ಣ ಈ ಹಸಿರಿನಲ್ಲಿ ಕಾಣುವುದೇ ಇಲ್ಲ. ಎಣ್ಣೆಯ ಪ್ರಮಾಣ ಕಡಿಮೆ ಮಾಡಿ ಕರಗುದ್ರವ ಹೆಚ್ಚಿಸಿ, ಅಥವಾ ಆಲ್ಕಲಿ ಬ್ಲೂ ಸೂಚಕ ಬಳಸಿ. ಈ ಅಳತೆ ಬಿಡಬೇಡಿ, ಏಕೆಂದರೆ ಬಿಡಿ ಕೊಬ್ಬಿನಾಮ್ಲವೇ ಸ್ಟೆಫಿಲೊಕಾಕಸನ್ನು ತಡೆಯಬಲ್ಲದು. ರಾಳದ ಗುಣವೆಂದು ನೀವು ಬರೆದದ್ದು ಕೊಬ್ಬಿನಾಮ್ಲದ ಗುಣವಾಗಿರಬಹುದು.

ರಾಳ ತೆಗೆಯಲು ಎಥೆನಾಲ್ ಒಳ್ಳೆಯದು, ಆದರೆ ಅದನ್ನು ತರಿಸಲು ಅಬಕಾರಿ ಪರವಾನಗಿ ಬೇಕು. ನಮ್ಮ ಬಳಿ ಇರಲಿಲ್ಲ, ಮೆಥನಾಲ್ ಬಳಸಿದೆವು. 100 ಮಿಲಿ ಎಣ್ಣೆಗೆ 100 ಮಿಲಿ ಮೆಥನಾಲ್, ಬೇರ್ಪಡಿಸುವ ಆಲಿಕೆಯಲ್ಲಿ ಮೂರು ಸಲ. ಜೋರಾಗಿ ಕುಲುಕಿದರೆ ಮಜ್ಜಿಗೆಯಂತಾಗಿ ಎರಡು ದಿನವಾದರೂ ಪದರ ಬಿಡುವುದಿಲ್ಲ. ಆಲಿಕೆಯನ್ನು ಮೆಲ್ಲಗೆ ತಲೆಕೆಳಗು ಮಾಡುತ್ತಾ ಇರಿ, ಅಷ್ಟೇ ಸಾಕು. ಆಮ್ಲ ತೆಗೆಯುವ ಅವಸರದಲ್ಲಿ ಕಾಸ್ಟಿಕ್ ಸೋಡಾ ಹಾಕಬೇಡಿ. ಕೌಮರಿನ್ನಿನ ಲ್ಯಾಕ್ಟೋನ್ ಉಂಗುರ ಕ್ಷಾರದಲ್ಲಿ ತೆರೆದುಕೊಳ್ಳುತ್ತದೆ, ಹುಡುಕುತ್ತಿದ್ದ ವಸ್ತುವೇ ಕೈಬಿಟ್ಟು ಹೋಗುತ್ತದೆ. ಸಾರವನ್ನು 40 ಡಿಗ್ರಿಯೊಳಗೆ ನಿರ್ವಾತದಲ್ಲಿ ಬತ್ತಿಸಬೇಕು.

ರಾಳದ ವಸ್ತುಗಳನ್ನು ಒಂದೊಂದಾಗಿ ಬೇರ್ಪಡಿಸುವ ಕಾಲಂಗೆ (ಪುಡಿ ತುಂಬಿದ ಗಾಜಿನ ಕೊಳವೆ) 100–200 ಮೆಶ್ ಸಿಲಿಕಾ, ಒಂದು ಗ್ರಾಂ ರಾಳಕ್ಕೆ 30 ಗ್ರಾಂ ಲೆಕ್ಕ. ಹೆಕ್ಸೇನಿನಿಂದ ಶುರು ಮಾಡಿ ಈಥೈಲ್ ಅಸಿಟೇಟನ್ನು ಶೇಕಡಾ 2ರಿಂದ 20ರವರೆಗೆ ನಿಧಾನವಾಗಿ ಏರಿಸಿದೆವು. 20 ಮಿಲಿಯ ಒಂದೊಂದು ಕೊಳವೆಯಿಂದಲೂ ಟಿಎಲ್‌ಸಿ ಹಾಳೆಗೆ ಚುಕ್ಕೆ, ಅತಿನೇರಳೆ ದೀಪದ ಕೆಳಗೆ 254, 365 ನ್ಯಾನೊಮೀಟರ್ ಎರಡರಲ್ಲೂ ನೋಡುವುದು. ಏಪ್ರಿಲಿನ ಒಂದು ಮಧ್ಯಾಹ್ನ ಕರೆಂಟು ಹೋಗಿ ಕೋಣೆ ಕಾದು, ಹೆಕ್ಸೇನ್ ಆವಿಯಾಗಿ ಕಾಲಮಿನಲ್ಲಿ ಬಿರುಕು ಬಿತ್ತು. ಎಂಟು ಗಂಟೆಯ ಕೆಲಸ ಅಲ್ಲಿಗೆ ಮುಗಿಯಿತು. ಬೇಸಿಗೆಯಲ್ಲಿ ಬೆಳಿಗ್ಗೆ ಆರಕ್ಕೆ ಶುರು ಮಾಡಿ, ಕರಗುದ್ರವ ಸಿಲಿಕಾದ ಮಟ್ಟಕ್ಕಿಂತ ಕೆಳಗಿಳಿಯಲು ಯಾವ ಕಾರಣಕ್ಕೂ ಬಿಡಬೇಡಿ.

ಹೀಗೆ ಸಿಕ್ಕ ಹಳದಿ ಪುಡಿಯನ್ನು ಅಣುವಿನ ರಚನೆ ತಿಳಿಸುವ ಎನ್‌ಎಂಆರ್‌ ಪರೀಕ್ಷೆಗೆ ಕಳಿಸಿದೆವು. ಮೂರು ವಾರದ ಮೇಲೆ ಬಂದ ವರದಿಯಲ್ಲಿ ನಮಗೆ ಬೇಕಾದ ಗುರುತುಗಳ ಜೊತೆ ಅಳತೆಪಟ್ಟಿಯ 4.2ರಲ್ಲಿ, 7.5ರಿಂದ 7.7ರಲ್ಲಿ ಇರಬಾರದ ಗುರುತುಗಳು. ಗಿಡದಲ್ಲಿ ಹೊಸ ವಸ್ತುವೇ ಸಿಕ್ಕಿತೆಂದು ಎರಡು ದಿನ ಹಿಗ್ಗಿದೆವು. ಅದು ಥ್ಯಾಲೇಟ್, ಪ್ಲಾಸ್ಟಿಕ್ ಮೆದುವಾಗಲು ಬೆರೆಸುವ ವಸ್ತು. ಪುಡಿಯನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿದ್ದೆವು, ಕರಗಿಸುವಾಗ ಪ್ಲಾಸ್ಟಿಕ್ ಹನಿಗೊಳವೆ ಬಳಸಿದ್ದೆವು. ಮತ್ತೆ ಶುದ್ಧಮಾಡಿ, ಗಾಜಿನ ಸೀಸೆಯಲ್ಲಿ, ಗಾಜಿನ ಕೊಳವೆ ಬಳಸಿ, 8 ಮಿಲಿಗ್ರಾಂ ಕಳಿಸಿದಾಗ ಸ್ವಚ್ಛವಾಗಿ ಬಂತು. ಕ್ಯಾಲೊಫಿಲೊಲೈಡಿನಲ್ಲಿ 26 ಇಂಗಾಲ, 24 ಜಲಜನಕ, 5 ಆಮ್ಲಜನಕ. ಅಣುತೂಕ 416. ಅಣುತೂಕ ಅಳೆಯುವ ಮಾಸ್ ವರದಿಯಲ್ಲಿ ಒಂದು ಪ್ರೋಟಾನ್ ಸೇರಿ 417 ಎಂದು ಕಂಡಾಗ ನಾವು ಮೂವರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಸೂಕ್ಷ್ಮಜೀವಿ ಪರೀಕ್ಷೆಯಲ್ಲಿ ಹೆಚ್ಚಿನವರು ಅಗಾರ್ ತಟ್ಟೆಗೆ ತೂತು ಕೊರೆದು ಎಣ್ಣೆ ಹಾಕುತ್ತಾರೆ. ಎಣ್ಣೆ ಅಗಾರಿನಲ್ಲಿ ಹರಡುವುದಿಲ್ಲ, ಹಾಗಾಗಿ ಸುತ್ತ ತೆರಪು ಕಾಣದಿದ್ದರೆ ಗುಣವಿಲ್ಲ ಎಂದಾಗಲೀ ಕಂಡರೆ ಇದೆ ಎಂದಾಗಲೀ ಹೇಳಲು ಬರುವುದಿಲ್ಲ. 96 ಕುಳಿಯ ತಟ್ಟೆಯಲ್ಲಿ ದ್ರವದಲ್ಲೇ ಮಾಡಿ. ರಾಳ ಹಾಕಿದ ದ್ರವ ಕದಡಿರುವುದರಿಂದ ಕಣ್ಣಂದಾಜು ನಡೆಯದು, ರೆಸಾಜುರಿನ್ ಹಾಕಿದರೆ ಜೀವವಿರುವ ಕುಳಿ ನೀಲಿಯಿಂದ ಗುಲಾಬಿಗೆ ತಿರುಗುತ್ತದೆ. ರಾಳ ಕರಗಿಸುವ ದ್ರವವಾದ ಡಿಎಂಎಸ್‌ಒ ಮಾತ್ರ ಇರುವ ಕುಳಿ, ರಾಳ ತೆಗೆದ ಎಣ್ಣೆಯ ಕುಳಿ, ಬರೀ ಒಲೆಯಿಕ್, ಲಿನೋಲೆಯಿಕ್ ಆಮ್ಲದ ಕುಳಿ ಎಲ್ಲವೂ ಪಕ್ಕದಲ್ಲಿರಬೇಕು. ನಮ್ಮಲ್ಲಿ ರಾಳವು ಸ್ಟೆಫಿಲೊಕಾಕಸ್ ಆರಿಯಸನ್ನು ತಡೆಯಿತು, ಇ. ಕೋಲಿಯನ್ನು ತಡೆಯಲಿಲ್ಲ. ಶುದ್ಧ ಕ್ಯಾಲೊಫಿಲೊಲೈಡ್ ಒಂದೇ ರಾಳದಷ್ಟು ಚುರುಕಾಗಿರಲಿಲ್ಲ. ಇದನ್ನು ಬರೆಯಲು ಹಿಂಜರಿಕೆಯಾಯಿತು, ಆದರೂ ಇದ್ದದ್ದು ಇದ್ದಂತೆ ಬರೆದೆವು.

ಚರ್ಮಕೋಶದ ಮೇಲಿನ ಎಂಟಿಟಿ ಪರೀಕ್ಷೆಗೆ (ಬದುಕಿರುವ ಕೋಶ ಎಂಟಿಟಿ ಎಂಬ ಹಳದಿ ವಸ್ತುವನ್ನು ನೇರಳೆ ಮಾಡುತ್ತದೆ) ಪುಣೆಯ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರದಿಂದ ಹ್ಯಾಕ್ಯಾಟ್ ಎಂಬ ಮನುಷ್ಯರ ಚರ್ಮಕೋಶಗಳನ್ನು ತರಿಸಿದೆವು. ಗಿಡದ ಸಾರ ಹಲವು ಸಲ ಕೋಶದ ನೆರವಿಲ್ಲದೆ ತಾನೇ ಎಂಟಿಟಿಯನ್ನು ನೇರಳೆ ಮಾಡಿಬಿಡುತ್ತದೆ. ಸತ್ತ ಕೋಶವೂ ಬದುಕಿದೆ ಎಂಬ ಲೆಕ್ಕ ಬರುತ್ತದೆ. ಕೋಶವೇ ಇಲ್ಲದ ಕುಳಿಗೆ ಸಾರ ಮತ್ತು ಎಂಟಿಟಿ ಮಾತ್ರ ಹಾಕಿ, ಬಣ್ಣ ಬಂದರೆ ಅದನ್ನು ಕಳೆಯಿರಿ.

ಮನುಷ್ಯರ ಮೇಲೆ ಪಟ್ಟಿ ಪರೀಕ್ಷೆಗೆ ನೈತಿಕ ಸಮಿತಿಯ ಮುಂದೆ ಹೋದಾಗ ನಾವು ಎಣಿಸದೇ ಇದ್ದ ಪ್ರಶ್ನೆ ಬಂತು: "ಇದನ್ನು ಹಚ್ಚಿಕೊಂಡು ಬಿಸಿಲಿಗೆ ಹೋದರೆ?" ಪ್ರಶ್ನೆ ಸರಿಯಾಗಿಯೇ ಇತ್ತು. ಬಾವಂಚಿ ಬೀಜದ ಸೋರಲೆನ್ ಕೂಡ ಕೌಮರಿನ್ ಜಾತಿಯದೇ. ಅದನ್ನು 1933ರಲ್ಲಿ ಜೋಯಿಸ್, ಮಂಜುನಾಥ್, ವೆಂಕಟರಾವ್ ಎಂಬ ನಮ್ಮವರೇ ಬೇರ್ಪಡಿಸಿ ಪ್ರಕಟಿಸಿದ್ದರು. 1940ರ ದಶಕದ ಕೊನೆಗೆ ಈಜಿಪ್ಟಿನ ಎಲ್ ಮೊಫ್ಟಿ ಅದರ ಹತ್ತಿರದ ಮೆಥಾಕ್ಸಿಸೋರಲೆನನ್ನು ತೊನ್ನಿಗೆ ಬಳಸಿದರು. 1974ರಲ್ಲಿ ಅಮೆರಿಕದ ಪ್ಯಾರಿಶ್ ಮತ್ತು ಸಂಗಡಿಗರು ಅದರ ಜೊತೆ ಅತಿನೇರಳೆ ಎ ಕಿರಣ ಕೊಟ್ಟು ಸೋರಿಯಾಸಿಸ್ ಹತೋಟಿಗೆ ತರುವ ಬಗೆಯನ್ನು ತೋರಿಸಿದರು. 320ರಿಂದ 400 ನ್ಯಾನೊಮೀಟರಿನ ಬೆಳಕು ಬಿದ್ದಾಗ ಸೋರಲೆನ್ ಡಿಎನ್‌ಎಯ ಥೈಮೀನಿಗೆ ಗಂಟು ಬೀಳುತ್ತದೆ. ವೈದ್ಯರ ಕೈಯಲ್ಲಿ ಅದು ಮದ್ದು, ಗೊತ್ತಿಲ್ಲದೆ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಬೊಬ್ಬೆ. ನಮ್ಮ ವಸ್ತುವಿನಲ್ಲಿ ಸೋರಲೆನಿನ ಫ್ಯೂರಾನ್ ಉಂಗುರ ಇಲ್ಲ, ಆದರೆ ಅಷ್ಟರಿಂದಲೇ ನಿರಪಾಯ ಎನ್ನಲಾಗದು. ದಿನವಿಡೀ ದೋಣಿಯಲ್ಲಿ ಇರುವ ಮೀನುಗಾರರೇ ನಾಳೆ ಇದನ್ನು ಹಚ್ಚಿಕೊಳ್ಳುವವರು. ಇಲಿಯ 3ಟಿ3 ಎಂಬ ಕೋಶದ ಮೇಲೆ ಚದರ ಸೆಂಟಿಮೀಟರಿಗೆ 5 ಜೂಲ್ ಅತಿನೇರಳೆ ಎ ಬಿಟ್ಟು ಮಾಡುವ ಬೆಳಕು ವಿಷತ್ವ ಪರೀಕ್ಷೆಯನ್ನು ಹೊರಗೆ ಮಾಡಿಸಿದೆವು. ನಾಲ್ಕು ತಿಂಗಳು, 85 ಸಾವಿರ ರೂಪಾಯಿ. ಕೌಮರಿನ್ ಎಂಬ ಹೆಸರು ಎಲ್ಲಿದ್ದರೂ ಈ ಪರೀಕ್ಷೆಯನ್ನು ಅರ್ಜಿಗೆ ಮೊದಲೇ ಮುಗಿಸಿಡಿ.

ಒಪ್ಪಿಗೆ ಪತ್ರ ಕನ್ನಡದಲ್ಲೂ ಕೊಂಕಣಿಯಲ್ಲೂ ಇರಲಿ, ಓದಿ ಹೇಳುವವರು ಊರಿನವರಿರಲಿ. ಮೊದಲ ಸ್ವಯಂಸೇವಕರನ್ನು ಸೇರಿಸುವ ಮುಂಚೆ ಸಿಟಿಆರ್‌ಐಯಲ್ಲಿ (ಮನುಷ್ಯರ ಮೇಲಿನ ಪ್ರಯೋಗಗಳ ಭಾರತದ ದಾಖಲೆ) ನೋಂದಣಿ ಆಗಿರಬೇಕು, ಹಿಂದಿನ ದಿನಾಂಕ ಹಾಕಿ ಸರಿಮಾಡಲು ಆಗುವುದಿಲ್ಲ. ಗಜಕರ್ಣ ಇರುವವರನ್ನು ಈ ಹಂತದಲ್ಲಿ ಸೇರಿಸಲಿಲ್ಲ. ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ ಸ್ಟಿರಾಯ್ಡ್ ಬೆರೆತ ಮುಲಾಮು ಹಚ್ಚಿಕೊಂಡವರೇ ಹೆಚ್ಚು. ಅಂಥವರ ಚರ್ಮದ ಉರಿಯೂತ ಮುಚ್ಚಿಹೋಗಿರುತ್ತದೆ, ಪರೀಕ್ಷೆ ಸುಳ್ಳು ಹೇಳುತ್ತದೆ.

ಪಟ್ಟಿಯನ್ನು ಡಿಸೆಂಬರ್, ಜನವರಿಯಲ್ಲೇ ಹಾಕಿ. ಮೇ ತಿಂಗಳಲ್ಲಿ ಹಾಕಿದ ಮೊದಲ ಐದು ಪಟ್ಟಿಗಳು ಬೆವರಿಗೆ ಒಂದೇ ರಾತ್ರಿಯಲ್ಲಿ ಕಳಚಿದವು. 8 ಮಿಲಿಮೀಟರಿನ ಫಿನ್ ಚೇಂಬರ್ (ಪರೀಕ್ಷಿಸುವ ವಸ್ತು ತುಂಬಿ ಬೆನ್ನಿಗೆ ಅಂಟಿಸುವ ಪುಟ್ಟ ಬಟ್ಟಲು), ವ್ಯಾಸಲೀನಿನಲ್ಲಿ ಶೇಕಡಾ 1, 5, 10ರ ರಾಳ, ಪಕ್ಕದಲ್ಲಿ ಬರೀ ವ್ಯಾಸಲೀನ್. ಎರಡು ದಿನ ಬೆನ್ನಿಗೆ ನೀರು ತಾಗಬಾರದು. ಮೀನಿನ ಕೆಲಸದವರಿಗೆ ಇದು ಸುಲಭವಲ್ಲ, ಆ ಎರಡು ದಿನದ ಕೂಲಿ ಕೊಟ್ಟೆವು. ಕೊಡುವ ಮೊತ್ತ ಸಮಿತಿಗೆ ಮೊದಲೇ ತಿಳಿದಿರಬೇಕು. 48 ಗಂಟೆಗೆ ಪಟ್ಟಿ ಬಿಚ್ಚಿ ಅರ್ಧ ಗಂಟೆ ಬಿಟ್ಟು ಒಂದು ಸಲ, 96 ಗಂಟೆಗೆ ಮತ್ತೊಂದು ಸಲ ನೋಡಬೇಕು. ಎರಡನೆಯ ನೋಟವನ್ನು ಬಿಡುವವರು ಬಹಳ.

ಇಪ್ಪತ್ತು ಜನರಲ್ಲಿ ಹತ್ತೊಂಬತ್ತು ಜನರಿಗೆ ಏನೂ ಆಗಲಿಲ್ಲ. ಒಬ್ಬ ಹೆಣ್ಣುಮಗಳಿಗೆ 48 ಗಂಟೆಗೆ ಬೆನ್ನು ಸ್ವಚ್ಛವಾಗಿತ್ತು, 96ಕ್ಕೆ ಶೇಕಡಾ 5 ಮತ್ತು 10ರ ಜಾಗದಲ್ಲಿ ಕೆಂಪು, ಸಣ್ಣ ಗುಳ್ಳೆ, ತುರಿಕೆ. "ನಮ್ಮನೇಲಿ ಅಜ್ಜಿ ಕಾಲದಿಂದ ಹಚ್ತೇವಲ್ಲ, ಡಾಕ್ಟ್ರೇ" ಎಂದು ಅವರು ಕೇಳಿದರು. ಹಾಗೆ ಹಚ್ಚುತ್ತಾ ಬಂದದ್ದರಿಂದಲೇ ಚರ್ಮ ಅದನ್ನು ಗುರುತು ಹಿಡಿದಿರಬಹುದು ಎಂದು ನಮ್ಮ ಚರ್ಮವೈದ್ಯರು ಕುಳಿತು ವಿವರಿಸಿದರು. ಹತ್ತು ದಿನದಲ್ಲಿ ಮಾಸಿತು. ಹೊನ್ನೆ ಎಣ್ಣೆ ಮತ್ತು ಅದಿರುವ ಸೋಪು, ಕ್ರೀಮು ಮುಟ್ಟಬಾರದೆಂದು ಬರೆದ ಚೀಟಿಯೊಂದು ಈಗ ಅವರ ಪರ್ಸಿನಲ್ಲಿದೆ. ತಮಾನು ಎಂಬ ಹೆಸರಿನಲ್ಲಿ ಮಾರುವುದೂ ಇದೇ ಎಣ್ಣೆ ಎಂದು ಅದರಲ್ಲಿ ಸೇರಿಸಿದ್ದೇವೆ.

ಸುದ್ದಿ ಹರಡಿ ಬಾಟಲಿ ಕೇಳಿಕೊಂಡು ಬರುವವರಿದ್ದಾರೆ. ಯಾರಿಗೂ ಕೊಟ್ಟಿಲ್ಲ. ಸೋಂಕಿರುವ ಚರ್ಮದ ಮೇಲೆ ಇದಿನ್ನೂ ಪರೀಕ್ಷೆಯಾಗಿಲ್ಲ. ಉಳಿದ 300 ಮಿಲಿ ಎಣ್ಣೆ, 22 ಮಿಲಿಗ್ರಾಂ ಶುದ್ಧ ಕ್ಯಾಲೊಫಿಲೊಲೈಡ್ ಗಾಜಿನ ಸೀಸೆಗಳಲ್ಲಿ, ಕಾಯಿ ಹೆಕ್ಕಿದ ದಿನ ಮತ್ತು ಮರದ ಸಂಖ್ಯೆ ಬರೆದ ಚೀಟಿಯೊಂದಿಗೆ ಫ್ರಿಜ್ಜಿನಲ್ಲಿವೆ. ಇದೇ ಕೆಲಸ ಮಾಡುವ ವಿದ್ಯಾರ್ಥಿಗಳಿಗೆ ಟಿಎಲ್‌ಸಿ ಹೋಲಿಕೆಗೆ ಒಂದು ಮಿಲಿಗ್ರಾಂ ಕೊಡುತ್ತೇವೆ. ಬರುವಾಗ ನಿಮ್ಮ ಹರ್ಬೇರಿಯಂ ಹಾಳೆಯ ಚಿತ್ರ, ಗಾಜಿನ ಸೀಸೆ ತನ್ನಿ.